ಗುಜರಿಗೆ ಹಾಕಿ ಅನ್ನುವವರ ಜೊತೆ ನಮ್ಮ ತಕರಾರು

ಹಳೇ ಕಾರನ್ನು ಮನೆಯಲ್ಲೇ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಓಡುವ ಹಾಗೆ ಮಾಡುವುದು ದುಡ್ಡಿದ್ದವರ ಶೋಕಿ ಅಂತ ಬಹಳ ಜನ ನಂಬಿದ್ದಾರೆ. ನಾವು ಒಪ್ಪುವುದಿಲ್ಲ. ಅದು ಶೋಕಿಯಾಗಿದ್ದರೆ, ಹಾಗೆ ಮಾಡಿದ್ದು ಸರ್ಕಾರದ ನಿಯಮ.

ನಮ್ಮ ಹಳ್ಳಿಗಳಲ್ಲಿ ಮೂವತ್ತು ನಲವತ್ತು ವರ್ಷದ ಟ್ರ್ಯಾಕ್ಟರ್‌ಗಳು ಈಗಲೂ ಉಳುತ್ತಿವೆ. ಮಡ್‌ಗಾರ್ಡಿಗೆ ಮೂರು ಕಡೆ ವೆಲ್ಡಿಂಗ್, ಎಂಜಿನ್ ಎರಡು ಸಲ ಬೋರ್ ಆಗಿರುತ್ತದೆ. ಅದನ್ನು ಯಾರೂ ಶೋಕಿ ಅನ್ನಲ್ಲ. ಅದೇ ಕೈ ಅದೇ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತ ಅಂಬಾಸಿಡರ್ ಮುಟ್ಟಿದರೆ ಸಾಕು, "ಇವನಿಗೆ ಬೇರೆ ಕೆಲಸ ಇಲ್ವಾ?" ಅಂತ ಶುರುವಾಗುತ್ತದೆ.

ಅಂಬಾಸಿಡರ್ ಹೆಸರು ಸುಮ್ಮನೆ ತೆಗೆದಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿ, ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ 1950ರ ದಶಕದ ಕೊನೆಗೆ ಹೊರಬಂದು, 2014ರವರೆಗೆ ತಯಾರಾದ ಗಾಡಿ ಅದು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್, ಅಂದರೆ ಮುಂದೆ ಪದ್ಮಿನಿ ಆದದ್ದು, ಅದೂ ಇದೇ ಜಾತಿ. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಾರ್ಬುರೇಟರ್ ಇದೆ, ಡಿಸ್ಟ್ರಿಬ್ಯೂಟರ್ ಇದೆ, ಅದರೊಳಗೆ ಎರಡು ಪಾಯಿಂಟ್ ಇವೆ. ಆ ಪಾಯಿಂಟ್ ತೆರೆದಾಗ ಕಾಯಿಲ್‌ನಿಂದ ಕರೆಂಟ್ ಹಾರಿ ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. ಗ್ಯಾಪ್ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಡಿ ಕೆಮ್ಮುತ್ತದೆ, ಅದು ಕಿವಿಗೇ ಗೊತ್ತಾಗುತ್ತದೆ. ಒಂದು ಫೀಲರ್ ಗೇಜ್, ಒಂದು ಸ್ಕ್ರೂಡ್ರೈವರ್ ಕೊಟ್ಟು ಹದಿನೆಂಟರ ಹುಡುಗನನ್ನೋ ಹುಡುಗಿಯನ್ನೋ ಒಂದು ಭಾನುವಾರ ಕೂರಿಸಿ ನೋಡಿ. ಎಂಜಿನ್ ಅಂದರೆ ಏನು ಅಂತ ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ. ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ, ಸ್ಕ್ಯಾನರ್ ಇಲ್ಲದೆ ಎಷ್ಟೋ ದೋಷ ಪತ್ತೆಯೇ ಆಗಲ್ಲ.

ಈ ಕೆಲಸ ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಬಾಗಿಲ ಕೆಳಗಿನ ಕೊಳೆತ ತಗಡು ಕತ್ತರಿಸಿ, ಹೊಸ ತಗಡನ್ನು ಸುತ್ತಿಗೆಯಲ್ಲೇ ಬಾಗಿಸಿ ಕೂರಿಸುವ ಟಿಂಕರಿಂಗ್ ಕೈ ತಾಲೂಕಿಗೆ ಒಂದೋ ಎರಡೋ ಉಳಿದಿರಬಹುದು. ಗಾಡಿಗಳು ಗುಜರಿಗೆ ಹೋದರೆ ಆ ಕೈಗಳಿಗೂ ಕೆಲಸ ಇರಲ್ಲ, ಕಲಿಯುವವರೂ ಇರಲ್ಲ.

ಈಗ ನಿಯಮಕ್ಕೆ ಬರೋಣ. ಕೇಂದ್ರ ಸರ್ಕಾರ 2021ರಲ್ಲಿ 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಇಷ್ಟು ಕಟ್ಟಿದ ಮೇಲೂ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಈ ನಿಯಮ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು? ಹತ್ತು ಕಾರು ಸಾಲಾಗಿ ನಿಲ್ಲಿಸಲು ಜಾಗ ಇರುವವರನ್ನು.

1985ರ ಅಂಬಾಸಿಡರ್ ಇರುವವರು ಈ ಸಾಲಿಗೂ ಬರಲ್ಲ, 2035ರವರೆಗೆ ಕಾಯಬೇಕು. ಅಲ್ಲಿಯತನಕ ಅದು ಬರೀ 'ಹಳೇ ಗಾಡಿ'. ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇತ್ತು, ಆಗ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಅಪ್ಪನ ಹಳೇ ಬೈಕ್ ಉಳಿಸಿಕೊಂಡವರಿಗೂ ಬಿಟ್ಟಿಲ್ಲ, 300 ಇದ್ದದ್ದು 1,000 ಆಗಿ, 20 ವರ್ಷ ದಾಟಿದ್ದಕ್ಕೆ 2,000 ಆಗಿದೆ. ಅತ್ತ ಗುಜರಿಗೆ ಹಾಕಿ ಹೊಸ ಕಾರು ಕೊಂಡರೆ ತೆರಿಗೆಯಲ್ಲಿ 25 ಪರ್ಸೆಂಟ್‌ವರೆಗೆ ರಿಯಾಯಿತಿ ಕೊಡಬಹುದು ಅಂತ ಕೇಂದ್ರದ ನಿಯಮವೇ ಹೇಳುತ್ತದೆ.

"ಹೊಗೆ ಉಗುಳುತ್ತವಲ್ಲ?" ಅಂತ ಕೇಳುತ್ತೀರಿ. ಹೌದು, ಉಗುಳುತ್ತವೆ. ಕಿಲೋಮೀಟರ್ ಲೆಕ್ಕದಲ್ಲಿ ಇವತ್ತಿನ ಕಾರಿಗಿಂತ ಹೆಚ್ಚೇ. ಆದರೆ ಊರ ಜಾತ್ರೆಗೆ, ಮದುವೆಗೆ, ತಿಂಗಳಿಗೊಂದು ಸಂತೆಗೆ ಹೊರಡುವ ಗಾಡಿ ವರ್ಷಕ್ಕೆ ಎಷ್ಟು ಓಡೀತು? ದಿನಾ ನೂರು ಕಿಲೋಮೀಟರ್ ಓಡುವ ಡೀಸೆಲ್ ಗಾಡಿಯ ಪಕ್ಕ ಇಟ್ಟು ನೋಡಿ. ಹೊಗೆ ಅಳೆಯಿರಿ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕಿ, ಬ್ರೇಕು ಪರೀಕ್ಷೆ ಮಾಡಿ. ಅದಕ್ಕೆ ನಮ್ಮ ವಿರೋಧ ಇಲ್ಲ. ಬರೀ ವಯಸ್ಸು ನೋಡಿ ದಂಡ ಹಾಕುವುದಕ್ಕೆ ವಿರೋಧ.

ಜರ್ಮನಿಯಲ್ಲಿ 30 ವರ್ಷ ತುಂಬಿ, ಮೂಲ ರೂಪ ಉಳಿಸಿಕೊಂಡು, ಪರೀಕ್ಷೆ ಪಾಸಾದ ಕಾರಿಗೆ ನಂಬರಿನ ಕೊನೆಗೆ 'ಹೆಚ್' ಅಕ್ಷರ ಕೊಡುತ್ತಾರೆ. ತೆರಿಗೆ ವರ್ಷಕ್ಕೆ ಒಂದೇ ಮೊತ್ತ. ರಸ್ತೆಯಲ್ಲಿ ಓಡಿಸಲು ರ್‍ಯಾಲಿಯ ನೆಪ ಬೇಕಿಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಮಾಫಿ. ಕಾರು ಹುಟ್ಟಿದ ದೇಶಗಳೇ ಹೀಗೆ ಮಾಡುವಾಗ ನಮಗೆ 50 ಯಾಕೆ ಬೇಕು?

ನಮ್ಮ ಕಡೆಯವರಿಗೂ ನಾಲ್ಕು ಮಾತು ಹೇಳಬೇಕು. ತುಕ್ಕಿನ ಮೇಲೆ ಕೆಜಿಗಟ್ಟಲೆ ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆದು, ಅಲಾಯ್ ವೀಲ್ ಹಾಕಿ ರೀಲ್ಸ್ ಮಾಡುವುದು ಕಾರು ಉಳಿಸುವ ಕೆಲಸವಲ್ಲ. ಎರಡು ಮಳೆಗಾಲಕ್ಕೆ ಪುಟ್ಟಿ ಉಬ್ಬಿ ಉದುರುತ್ತದೆ, ಒಳಗಿನ ತಗಡು ಆಗಲೇ ಜರಡಿಯಾಗಿರುತ್ತದೆ. ಪೆಟ್ರೋಲ್ ಎಂಜಿನ್ ಕಿತ್ತು, ಕೇಳದೆ ಕೇಳಿಸದೆ ಸಿಕ್ಕ ಡೀಸೆಲ್ ಎಂಜಿನ್ ಕೂರಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಲಿ. ಇಂಥ ಗಾಡಿಗಳನ್ನು ತೋರಿಸಿಯೇ ಅಧಿಕಾರಿಗಳು ಎಲ್ಲರ ಬಾಯಿ ಮುಚ್ಚಿಸುತ್ತಾರೆ.

ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣದಲ್ಲಿ ಹಳೇ ಕಾರುಗಳನ್ನು ಚೆನ್ನಾಗಿ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆದರೆ ಗಾಜಿನಾಚೆ ನಿಂತು ನೋಡಿದವರಿಗೆ ಪಾಯಿಂಟ್ ಗ್ಯಾಪ್ ಇಡಲು ಬರಲ್ಲ. ನಾವು ಕೇಳುವುದು ಇಷ್ಟು: ವಿಂಟೇಜ್ ವಯಸ್ಸನ್ನು 30ಕ್ಕೆ ಇಳಿಸಿ, ಶುಲ್ಕವನ್ನು ಹಳ್ಳಿಯವರ ಕೈಗೆಟುಕುವಷ್ಟು ಮಾಡಿ, ಗುಜರಿಗೆ ಹೊರಟ ಒಳ್ಳೇ ಗಾಡಿಗಳಲ್ಲಿ ಒಂದೆರಡನ್ನು ತಾಲೂಕಿನ ಐಟಿಐಗಳಿಗೆ ಕೊಡಿ. ನಿಮ್ಮ ಶಾಸಕರು, ಸಂಸದರು ಊರಿಗೆ ಬಂದಾಗ ಇದನ್ನೂ ಕೇಳಿ.

ಅಷ್ಟರೊಳಗೆ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಗಾಡಿ ನಿಂತಿದ್ದರೆ, ಮೊದಲು ಆರ್‌ಸಿ ಹುಡುಕಿ. ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ವರ್ಗಾವಣೆ ಮಾಡಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಹಳೇ ಬ್ರೇಕ್ ಡ್ರಮ್ಮಿನ ಧೂಳಿನಲ್ಲಿ ಕಲ್ನಾರು ಇರಬಹುದು, ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.