ಹುಳುಮನೆಯ ಮದ್ದು ಹೆಣ್ಣುಮಕ್ಕಳ ತಲೆಗೆ

ಮಡಕಶಿರಾ, ಹಿಂದೂಪುರ ಸೀಮೆಯಲ್ಲಿ ರೇಷ್ಮೆ ಬೆಳೆದವರಿಗೆ ಫಾರ್ಮಲಿನ್ ಹೊಸದೇನಲ್ಲ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ ತರುವ ಮೊದಲು ಅದನ್ನು ನೀರಲ್ಲಿ ಬೆರೆಸಿ ಹುಳುಮನೆಗೆ ಹೊಡೆಯುತ್ತಿದ್ದೆವು. ಶೇಕಡ 2ರ ದ್ರಾವಣ ಅಷ್ಟೆ. ಆದರೂ ಮೂಗಿಗೆ ಬಟ್ಟೆ ಕಟ್ಟಿ, ಹೊಡೆದ ತಕ್ಷಣ ಹೊರಗೆ ಓಡಿಬಂದು, ಬಾಗಿಲು ಕಿಟಕಿ ಬಿಗಿದು ಒಂದು ದಿನ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕಣ್ಣು ಉರಿ ಉರಿ, ಗಂಟಲು ಹಿಡಿದ ಹಾಗೆ. ಈಗ ಬಹಳ ಮಂದಿ ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈಆಕ್ಸೈಡ್ ಕಡೆಗೆ ತಿರುಗಿದ್ದಾರೆ. ಆ ವಾಸನೆ ಮಾತ್ರ ಮರೆಯುವಂಥದ್ದಲ್ಲ.

ಹೋದ ವರ್ಷ ಅದೇ ವಾಸನೆ ಬೆಂಗಳೂರಿನ ಒಂದು ಬ್ಯೂಟಿ ಪಾರ್ಲರಿನ ಬಾಗಿಲಲ್ಲಿ ಮೂಗಿಗೆ ಬಡಿಯಿತು. ಮದುವೆ ಗೊತ್ತಾಗಿದ್ದ ತಂಗಿಯ ಮಗಳನ್ನು ಕರೆತರಲು ಹೋಗಿದ್ದೆ. ಏ.ಸಿ. ಕೋಣೆ, ಒಂದು ಕಿಟಕಿ ಇಲ್ಲ.

"ಏನಮ್ಮಾ ಇದು, ಹುಳುಮನೆ ವಾಸನೆ?" ಅಂದೆ.

"ಕೆರಾಟಿನ್ ಮಾವಾ. ಕೂದಲು ಸ್ಮೂತ್ ಆಗುತ್ತೆ."

"ಕಣ್ಣು ಉರಿಯಲ್ವೇನೇ?"

"ಎಲ್ಲರಿಗೂ ಸ್ವಲ್ಪ ಉರಿಯುತ್ತಂತೆ."

ಕೆರಾಟಿನ್ ಎಂಬುದು ನಮ್ಮ ಕೂದಲು, ಉಗುರು, ದನದ ಕೊಂಬು ಇವೆಲ್ಲ ಆಗಿರುವ ಪ್ರೋಟೀನು. ಹೆಸರು ಅದರದು, ಕೆಲಸ ಬೇರೆಯದರದು. ಇಂಥ ಹಲವು ಕ್ರೀಮುಗಳಲ್ಲಿ ಕೂದಲನ್ನು ನೆಟ್ಟಗೆ ಹಿಡಿದಿಡುವುದು ಫಾರ್ಮಾಲ್ಡಿಹೈಡ್, ಅಂದರೆ ಫಾರ್ಮಲಿನ್ನಿನಲ್ಲಿ ಕರಗಿರುವ ಅದೇ ಅನಿಲ. ಅದರ ಮೇಲೆ 200 ಡಿಗ್ರಿ ದಾಟಿದ ಇಸ್ತ್ರಿ ಎಳೆದರೆ ಅನಿಲ ಕೋಣೆಯೆಲ್ಲ ತುಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ತೀರ್ಮಾನಿಸಿದೆ.

ಡಬ್ಬಿಯ ಮೇಲೆ "ಫಾರ್ಮಾಲ್ಡಿಹೈಡ್ ಇಲ್ಲ" ಎಂದು ಬರೆದಿದೆಯಲ್ಲ ಎನ್ನುತ್ತಾರೆ. ಹಾಗೆ ಬರೆದಿದ್ದ ಮಾಲಿನಲ್ಲೇ ಅದು ಇದೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2011ರಲ್ಲಿ ಎಚ್ಚರಿಸಿತ್ತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ಸಾಚಾ ಅಲ್ಲ. ಕಾಯಿಸಿದರೆ ಅದೂ ಫಾರ್ಮಾಲ್ಡಿಹೈಡನ್ನೇ ಬಿಡುತ್ತದೆ. 26 ವರ್ಷದ ಒಬ್ಬ ಹೆಣ್ಣುಮಗಳಿಗೆ 2020, 2021, 2022 ಮೂರು ಸಲವೂ ಕೂದಲು ನೆಟ್ಟಗೆ ಮಾಡಿಸಿದ ಬೆನ್ನಿಗೇ ಮೂತ್ರಪಿಂಡ ಕೆಟ್ಟದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದರು. ಹಚ್ಚಿದ್ದು ತಲೆಗೆ, ಪೆಟ್ಟು ಬಿದ್ದದ್ದು ಸೊಂಟದ ಹತ್ತಿರ.

ಇನ್ನು ಕೂದಲಿನ ಗತಿ. ಬುಡದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಸುಟ್ಟರೆ ತಾನಾಗಿ ಸರಿಹೋಗುವುದಿಲ್ಲ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅದು ಮತ್ತೆ ಗುಂಗುರೇ. ಆಗ ಪಾರ್ಲರಿನವರು ಮತ್ತೆ ಬಾ ಎನ್ನುತ್ತಾರೆ, ಇದ್ದದ್ದನ್ನು ಇನ್ನೊಮ್ಮೆ ಸುಡುತ್ತಾರೆ. ನಮ್ಮ ಹುಡುಗಿಗೆ ಮೂರನೇ ತಿಂಗಳಿಗೆ ಬಾಚಣಿಗೆ ತುಂಬ ತುಂಡು ಕೂದಲು. ಮದುವೆಯಲ್ಲಿ ಮೊಗ್ಗಿನ ಜಡೆ ಕಟ್ಟಲು ಸವರಿ ತರಬೇಕಾಯಿತು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. "ಕೂದಲು ಸ್ವಲ್ಪ ನೆಟ್ಟಗಿದ್ದರೆ ಚೆನ್ನ" ಎಂದದ್ದು ಗಂಡಿನ ಕಡೆಯವರು, ಕೇಳಿಯೂ ಸುಮ್ಮನೆ ತಲೆಯಾಡಿಸಿದ್ದು ನಾವು. ಗುಂಗುರು ಕೂದಲಿಗೆ ತೆಲುಗಿನಲ್ಲಿ 'ಉಂಗರಾಲ ಜುಟ್ಟು' ಎನ್ನುತ್ತೇವೆ, ಉಂಗುರ ಉಂಗುರವಾದ ಕೂದಲು. ಎರಡು ಭಾಷೆಯಲ್ಲೂ ಅದನ್ನು ಹೊಗಳಿ ಪದ ಕಟ್ಟುವ ನನ್ನಂಥವನು ಆ ದಿನ ಬಾಯಿ ಬಿಡಬೇಕಿತ್ತು.

ಇಸ್ತ್ರಿ ಹಿಡಿದಿದ್ದ ಹುಡುಗಿ ನಮ್ಮ ಕಡೆಯವಳೇ, ಮಾತಿನ ರಾಗದಲ್ಲೇ ಗೊತ್ತಾಯಿತು. ದಿನಕ್ಕೆ ಮೂರು ನಾಲ್ಕು ತಲೆಯಂತೆ. ಮಾಡಿಸಿಕೊಳ್ಳುವವಳು ವರ್ಷಕ್ಕೆ ಎರಡು ಸಲ ಕುಡಿಯುವ ಹೊಗೆಯನ್ನು ಇವಳು ದಿನಾ ಕುಡಿಯುತ್ತಾಳೆ. ಮೂಗಿಗೆ ಒಂದು ಬಟ್ಟೆಯೂ ಇರಲಿಲ್ಲ. ಕೀಟನಾಶಕದ ಡಬ್ಬಿಗೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹಾಕಿಸಿದ ಸರಕಾರ ಈ ಡಬ್ಬಿಗಳಿಗೂ ಒಂದು ಗುರುತು ಹಾಕಿಸಲಿ. ಪರವಾನಗಿ ಕೊಡುವ ಪುರಸಭೆಯವರು ಕಿಟಕಿ ಇದೆಯೇ, ಗಾಳಿ ಎಳೆಯುವ ಫ್ಯಾನು ಇದೆಯೇ ನೋಡಲಿ. ಈ ಮಾಲು ತರಿಸಿ ಮಾರುವ ವ್ಯಾಪಾರಿಗಳು ಹಿಂದೂಪುರ, ಪಾವಗಡದಲ್ಲೂ ಈ ಪುಟ ಓದುತ್ತಾರೆ. ಒಂದು ಡಬ್ಬಿ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಇವತ್ತೇ ಓದಿ ನೋಡಿ.