ವಿಧಿಯ ಹೆಸರಿನಲ್ಲಿ ಹಾರ್ಡಿಗೆ ಆದ ಅನ್ಯಾಯ

ಥಾಮಸ್ ಹಾರ್ಡಿಯ ಹೆಸರು ಬಂದೊಡನೆ ‘ವಿಧಿವಾದಿ’, ‘ನಿರಾಶಾವಾದಿ’ ಎಂಬ ಎರಡು ವಿಶೇಷಣಗಳು ಅದರ ಬೆನ್ನಿಗೇ ಬರುತ್ತವೆ. ತರಗತಿಯ ಟಿಪ್ಪಣಿಗಳಿಂದ ಪರೀಕ್ಷೆಯ ಉತ್ತರಗಳಿಗೆ, ಅಲ್ಲಿಂದ ಸಂಶೋಧನ ಪ್ರಬಂಧಗಳಿಗೆ ಇವು ಪರಿಶೀಲನೆಯಿಲ್ಲದೆ ಸಾಗಿಬಂದಿವೆ. ಆದರೆ 1891ರಲ್ಲಿ ಪ್ರಕಟವಾದ ‘ಟೆಸ್’ ಕಾದಂಬರಿಯನ್ನು ಸಾವಧಾನವಾಗಿ ಓದಿದವರು ಈ ತೀರ್ಪನ್ನು ಒಪ್ಪುವುದು ಕಷ್ಟ.

ವಿಧಿವಾದಿಗಳು ಮುಂದಿಡುವ ಮೊದಲ ಸಾಕ್ಷ್ಯ ಕುದುರೆಯ ಸಾವು. ಆ ರಾತ್ರಿ ಜೇನುಗೂಡುಗಳ ಬಂಡಿಯನ್ನು ಸಂತೆಗೆ ಹೊಡೆಯಬೇಕಾದವನು ತಂದೆ. ಅವನು ಕುಡಿದು ಮಲಗಿದ್ದರಿಂದ ಹದಿಹರೆಯದ ಮಗಳು ಹೊರಡಬೇಕಾಯಿತು. ದಾರಿಯಲ್ಲಿ ದೀಪ ಆರಿದ್ದು ಆಕಸ್ಮಿಕವಿರಬಹುದು. ಒಂದು ಕುದುರೆ ಸತ್ತರೆ ಇಡೀ ಸಂಸಾರ ನೆಲಕಚ್ಚುವಂಥ ಬಡತನ ಆಕಸ್ಮಿಕವಲ್ಲ.

ಎರಡನೆಯ ಸಾಕ್ಷ್ಯ, ಜಮಖಾನದ ಅಡಿಗೆ ಸರಿದುಹೋದ ಪತ್ರ. ಆ ಪತ್ರ ಏಂಜೆಲ್‌ನ ಕೈಸೇರಿದ್ದರೆ ಎಲ್ಲವೂ ಬದಲಾಗುತ್ತಿತ್ತು ಎನ್ನುವವರು ಮುಂದಿನ ಪುಟಗಳನ್ನು ಮರೆಯುತ್ತಾರೆ. ಪತ್ರ ಮರಳಿ ಸಿಕ್ಕಮೇಲೆ, ಮದುವೆಯ ದಿನವೇ, ಟೆಸ್ ಬಾಯಿಬಿಟ್ಟು ಹೇಳಲು ಮುಂದಾಗುತ್ತಾಳೆ. ಈಗ ಬೇಡವೆಂದು ತಡೆಯುವವನು ಏಂಜೆಲ್. ಅಂದೇ ರಾತ್ರಿ ಅವನು ತನ್ನ ಹಳೆಯ ಸ್ಖಲನವನ್ನು ಒಪ್ಪಿಕೊಂಡಾಗ ಅವಳು ಕ್ಷಮಿಸುತ್ತಾಳೆ. ಅವಳು ತನ್ನ ಕಥೆಯನ್ನು ಹೇಳಿದಾಗ ಅವನು ಕ್ಷಮಿಸುವುದಿಲ್ಲ. ಗಂಡಿಗೊಂದು, ಹೆಣ್ಣಿಗೊಂದು ಎಂಬ ಈ ನ್ಯಾಯವನ್ನು ಯಾವ ನಕ್ಷತ್ರವೂ ವಿಧಿಸಲಿಲ್ಲ.

ಮೂರನೆಯದು ನಿರ್ಣಾಯಕವಾದದ್ದು. ಟೆಸ್ ಅಲೆಕ್‌ನ ಬಳಿಗೆ ಮರಳುವುದೇಕೆ? ಮನೆಯ ಗೇಣಿ ಮೂರು ಜೀವಗಳ ಅವಧಿಯದು. ಆ ಮೂರರಲ್ಲಿ ತಂದೆಯದೇ ಕೊನೆಯ ಜೀವ. ಅವನು ಸತ್ತೊಡನೆ ಸಂಸಾರ ಬೀದಿಗೆ ಬೀಳುತ್ತದೆ. ಪೂರ್ವಿಕರ ಸಮಾಧಿಗಳಿರುವ ಇಗರ್ಜಿಯ ಗೋಡೆಯ ಬದಿಯಲ್ಲಿ ಮಂಚ ಹಾಕಿಕೊಳ್ಳಬೇಕಾಗುತ್ತದೆ. ಇದು ಹಾರ್ಡಿ ಕಣ್ಣಾರೆ ಕಂಡ ಲೋಕ. ಡಾರ್ಸೆಟ್‌ನ ಹಳ್ಳಿಯೊಂದರಲ್ಲಿ 1840ರಲ್ಲಿ ಕಲ್ಲುಕೆಲಸದ ಮೇಸ್ತ್ರಿಯ ಮಗನಾಗಿ ಹುಟ್ಟಿದ ಈತ, ಕಾದಂಬರಿಗೆ ಎಂಟು ವರ್ಷ ಮೊದಲೇ, 1883ರಲ್ಲಿ, ಆ ಸೀಮೆಯ ಕೃಷಿಕಾರ್ಮಿಕರನ್ನು ಕುರಿತು ಪ್ರಬಂಧ ಬರೆದು, ವರ್ಷವರ್ಷವೂ ನಡೆಯುವ ಅವರ ಗುಳೆಯನ್ನು ವಿವರಿಸಿದ್ದ.

ಕಾದಂಬರಿಯ ಕೊನೆಯಲ್ಲಿ ಅಮರರ ಒಡೆಯನು ಟೆಸ್‌ಳೊಡನೆ ಆಡಿದ ಆಟದ ಮಾತು ಬರುತ್ತದೆ, ನಿಜ. ವಿಧಿವಾದದ ಕೋಟೆ ನಿಂತಿರುವುದೇ ಆ ಒಂದು ವಾಕ್ಯದ ಮೇಲೆ. ಆದರೆ ಅಲ್ಲಿ ‘ನ್ಯಾಯ’ ಎಂಬ ಪದವನ್ನು ಹಾರ್ಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದಾನೆ. ಟೆಸ್‌ಳನ್ನು ಗಲ್ಲಿಗೇರಿಸಿದ್ದು ಮನುಷ್ಯರ ನ್ಯಾಯಾಲಯ. ಆ ಚಿಹ್ನೆಗಳ ವ್ಯಂಗ್ಯ ತಟ್ಟಬೇಕಾದದ್ದು ಅದಕ್ಕೇ.

ಹಾರ್ಡಿಯ ಕಾಲದ ಅಧಿಕಾರಸ್ಥರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಎರಡು ಪತ್ರಿಕೆಗಳು ಕೃತಿಯನ್ನು ನಿರಾಕರಿಸಿದವು. ಧಾರಾವಾಹಿಯಾಗಿ ಪ್ರಕಟಿಸಿದ ‘ಗ್ರಾಫಿಕ್’ ಪತ್ರಿಕೆಗಾಗಿ ಟೆಸ್‌ಳ ಮಾನಭಂಗದ ಪ್ರಸಂಗವನ್ನೇ ತೆಗೆದು ಸುಳ್ಳು ಮದುವೆಯೊಂದನ್ನು ಸೇರಿಸಬೇಕಾಯಿತು. 1895ರ ‘ಜೂಡ್’ ಕಾದಂಬರಿಯನ್ನು ವೇಕ್‌ಫೀಲ್ಡ್‌ನ ಬಿಷಪ್ ಬೆಂಕಿಗೆ ಹಾಕಿದ್ದಾಗಿ ಸಾರಿದ. ಬರಿಯ ವಿಧಿಯನ್ನು ದೂರುವ ಪುಸ್ತಕವನ್ನು ಯಾರು ಸುಡುತ್ತಾರೆ? ಆ ಬಳಿಕ ಹಾರ್ಡಿ ಹೊಸ ಕಾದಂಬರಿ ಬರೆಯಲಿಲ್ಲ. 1928ರಲ್ಲಿ ತೀರಿಕೊಳ್ಳುವವರೆಗೆ ಕಾವ್ಯವೇ ಅವನ ಮುಖ್ಯ ಉದ್ಯೋಗವಾಯಿತು. ನಿರಾಶಾವಾದಿಯೆಂಬ ಹಣೆಪಟ್ಟಿಯನ್ನು 1922ರ ಕವನಸಂಕಲನದ ಮುನ್ನುಡಿಯಲ್ಲಿ ಅವನೇ ನಿರಾಕರಿಸಿದ್ದಾನೆ: ಲೋಕವನ್ನು ಉತ್ತಮಪಡಿಸಬೇಕಾದರೆ ಮೊದಲು ಅದರ ಅತ್ಯಂತ ಕೆಟ್ಟ ಮುಖವನ್ನು ದಿಟ್ಟಿಸಿ ನೋಡಬೇಕೆಂಬುದು ಅವನ ನಿಲುವು.

ವಿಧಿಯ ಮೇಲೆ ಹೊರಿಸಿದರೆ ಎಲ್ಲರೂ ನಿರಪರಾಧಿಗಳಾಗುತ್ತಾರೆ: ಅಲೆಕ್, ಏಂಜೆಲ್, ಭೂಮಾಲೀಕ, ಟೆಸ್‌ಳ ಕೂಸಿಗೆ ಕ್ರೈಸ್ತ ಸಂಸ್ಕಾರ ನಿರಾಕರಿಸಿದ ಪಾದ್ರಿ. ಹಾರ್ಡಿ ಯಾರನ್ನು ಕಟಕಟೆಗೆ ತಂದನೋ ಅವರನ್ನೇ ವಿಮರ್ಶೆ ಬಿಡುಗಡೆ ಮಾಡುತ್ತಿದೆ. ‘ವಿಧಿ’ ಎಂದು ಬರೆಯುವ ಮುನ್ನ ವಿದ್ಯಾರ್ಥಿಯು ಆ ಗೇಣಿಯ ಕರಾರನ್ನೊಮ್ಮೆ ಓದಲಿ.