‘ಸಂದೇಶ ಏನು?’ ಎಂದು ಕೇಳುವ ಮೊದಲು ಒಮ್ಮೆ ನಗಿ

ಅನಿಮೇಷನ್ ಓದುವವರ ಕೊನೆಯ ವರ್ಷದ ಕಿರುಚಿತ್ರ ಪ್ರದರ್ಶನಕ್ಕೆ ಒಮ್ಮೆ ಹೋಗಿ ನೋಡಿ. ಕಡಿದ ಮರದ ಮುಂದೆ ಅಳುವ ಮಗು, ಮೊಬೈಲಿನೊಳಗೆ ಸಿಕ್ಕಿಬಿದ್ದ ಹುಡುಗ, ಪ್ಲಾಸ್ಟಿಕ್ ತಿಂದ ಹಸು. ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಹಿತವಚನ. ಈ ವಿಷಯಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಪ್ರಶ್ನೆ ಬೇರೆ. ಇಪ್ಪತ್ತು, ಇಪ್ಪತ್ತೊಂದರ ವಯಸ್ಸಿನವರು, ದಿನವಿಡೀ ಒಬ್ಬರನ್ನೊಬ್ಬರು ಕಿಚಾಯಿಸುತ್ತ ಕ್ಯಾಂಟೀನಿನಲ್ಲಿ ನಗುವವರು, ಪ್ರಾಜೆಕ್ಟ್ ಎಂದಕೂಡಲೇ ಯಾಕೆ ಇಷ್ಟು ಗಂಭೀರರಾಗುತ್ತಾರೆ?

ಉತ್ತರ ನನಗೆ ಗೊತ್ತಿದೆ. ನಮ್ಮ ಐವರ ತಂಡ ಹಾಸ್ಯದ ಕಥೆಯೊಂದನ್ನು ಮುಂದಿಟ್ಟಾಗ ಬಂದ ಮೊದಲ ಪ್ರಶ್ನೆ, ‘ಇದರಲ್ಲಿ ಸಂದೇಶ ಏನು?’. ಎರಡನೆಯದು ಪ್ರಶ್ನೆಯಲ್ಲ, ಎಚ್ಚರಿಕೆ: ‘ಮಾಡುವುದಾದರೆ ಮಾಡಿ, ಅಂಕದ ಬಗ್ಗೆ ಆಮೇಲೆ ಬಂದು ಕೇಳಬೇಡಿ’.

ನಮ್ಮ ಕಥೆ ಇಷ್ಟೇ. ಹಳ್ಳಿಯ ಕಿರಿದಾದ ರಸ್ತೆ. ನಡುವೆ ಮಲಗಿ ಮೆಲುಕು ಹಾಕುವ ಎಮ್ಮೆ. ಎದುರಿಗೆ ಬಂದು ನಿಂತ ಬಸ್ಸು. ಚಾಲಕ ಹಾರ್ನ್ ಹೊಡೆಯುತ್ತಾನೆ, ಕಂಡಕ್ಟರ್ ಶಿಳ್ಳೆ ಊದುತ್ತಾನೆ, ಎಮ್ಮೆ ಕಿವಿಯಷ್ಟೇ ಅಲ್ಲಾಡಿಸುತ್ತದೆ. ಕೊನೆಗೆ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಇಳಿದು ಬಂದು ಎಮ್ಮೆಯ ಕಿವಿಯಲ್ಲಿ ಏನೋ ಹೇಳುತ್ತಾಳೆ. ಎಮ್ಮೆ ಎದ್ದು, ನಡೆದು, ಬಸ್ಸು ಹತ್ತುತ್ತದೆ. ಒಟ್ಟು 90 ಸೆಕೆಂಡು, ಮಾತಿಲ್ಲ. ಸಂದೇಶವೂ ಇಲ್ಲ. ಆದರೆ ಮೂರು ವರ್ಷದಲ್ಲಿ ಕಲಿಸಿದ್ದೆಲ್ಲ ನಮಗೆ ಬಂದಿದೆಯೇ ಎಂದು ನೋಡಲು ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ವಾದ.

ನಗು ಸುಳ್ಳು ಹೇಳುವುದಿಲ್ಲ

ಗಂಭೀರ ಚಿತ್ರ ಮುಗಿದಾಗ ಜನ ಮರ್ಯಾದೆಗಾದರೂ ಚಪ್ಪಾಳೆ ತಟ್ಟುತ್ತಾರೆ. ವಿಷಯ ಒಳ್ಳೆಯದಿದ್ದರೆ ಚಿತ್ರವೂ ಚೆನ್ನಾಗಿದೆ ಎಂದು ಒಪ್ಪಿಕೊಂಡುಬಿಡುತ್ತಾರೆ. ಹಾಸ್ಯಕ್ಕೆ ಈ ರಿಯಾಯಿತಿ ಇಲ್ಲ. ಸಭೆ ನಕ್ಕಿತೋ ಇಲ್ಲವೋ, ಅಲ್ಲೇ ತೀರ್ಪು. ಮೌಲ್ಯಮಾಪಕರ ವರದಿಗೆ ಕಾಯಬೇಕಾಗಿಲ್ಲ.

ಅನಿಮೇಷನ್‌ನಲ್ಲಿ ನಗು ಹುಟ್ಟುವುದು ಹೆಚ್ಚಾಗಿ ಕಾಲದ ಲೆಕ್ಕದಲ್ಲಿ. ಒಂದು ಸೆಕೆಂಡಿಗೆ 24 ಫ್ರೇಮು. ರೋಡ್ ರನ್ನರ್ ಮತ್ತು ಕಯೋಟಿಯನ್ನು 1949ರಲ್ಲಿ ತೆರೆಗೆ ತಂದ ಚಕ್ ಜೋನ್ಸ್ ತಮ್ಮ ಆತ್ಮಕಥೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಕಯೋಟಿ ಬೆಟ್ಟದ ಅಂಚಿನಿಂದ ಬಿದ್ದು ಕಣ್ಮರೆಯಾಗಲು 18 ಫ್ರೇಮು. ಅಲ್ಲಿಂದ ನೆಲಕ್ಕೆ ಅಪ್ಪಳಿಸುವವರೆಗೆ ಇನ್ನು 14 ಫ್ರೇಮು. ಅವರ ಅನುಭವದಲ್ಲಿ 13ಕ್ಕೆ ನಗು ಬರುವುದಿಲ್ಲ, 15ಕ್ಕೂ ಬರುವುದಿಲ್ಲ. ಒಂದು ಫ್ರೇಮು ಎಂದರೆ ಸೆಕೆಂಡಿನ 24ನೇ ಒಂದು ಭಾಗ. ಅಷ್ಟರ ಮೇಲೆ ನಗು ನಿಂತಿರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ನೋಡಿದರೆ ನಂಬದೆ ವಿಧಿಯಿಲ್ಲ.

ಹಾರ್ನ್ ನಿಂತ ಮೇಲೆ ಎಮ್ಮೆಯ ಕಿವಿ ಅಲ್ಲಾಡುವವರೆಗಿನ ಮೌನವನ್ನು ನಾವು 8 ಫ್ರೇಮು, 12 ಫ್ರೇಮು, 20 ಫ್ರೇಮು ಹೀಗೆ ಬೇರೆ ಬೇರೆ ಇಟ್ಟು, ಹಾಸ್ಟೆಲ್‌ನ ಊಟದ ಹಾಲ್‌ನಲ್ಲಿ ತೋರಿಸಿದೆವು. ಅದಿನ್ನೂ ಪೂರ್ತಿ ಚಿತ್ರವಲ್ಲ, ಅನಿಮ್ಯಾಟಿಕ್. ಅಂದರೆ ಸ್ಟೋರಿಬೋರ್ಡಿನ ಒರಟು ಚಿತ್ರಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಿ, ತಾತ್ಕಾಲಿಕ ಸದ್ದು ಸೇರಿಸಿದ ಕರಡು. 8ಕ್ಕೆ ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. 20ಕ್ಕೆ ಮೂಲೆಯ ಮೇಜಿನಿಂದ ನಗು ಬಂತು. ಎಮ್ಮೆಗೆ ಅವಸರವಿಲ್ಲ ಎಂಬುದೇ ಅಲ್ಲಿನ ಹಾಸ್ಯ. ಆ ಅವಸರವಿಲ್ಲದಿರುವಿಕೆಗೆ ಜಾಗ ಬೇಕಿತ್ತು. ಇದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿರಲಿಲ್ಲ.

ತಮಾಷೆಯ ಹಿಂದಿನ ಲೆಕ್ಕ

ಹಾಸ್ಯ ಎಂದರೆ ಸುಲಭದ ದಾರಿ ಎಂದುಕೊಂಡವರಿಗೆ ಸ್ವಲ್ಪ ಗಣಿತ. 90 ಸೆಕೆಂಡಿಗೆ 2,160 ಫ್ರೇಮು. ಕೈಯಲ್ಲಿ ಬರೆಯುವ ಅನಿಮೇಷನ್ ಆದರೆ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸುವ ಪದ್ಧತಿ ಇದೆ, ಆಗಲೂ 1,080 ಚಿತ್ರ ಬೇಕು. ತ್ರೀಡಿ ಆದರೆ ಕಂಪ್ಯೂಟರ್ ಪ್ರತಿ ಫ್ರೇಮನ್ನೂ ಬೆಳಕು ನೆರಳು ಸಮೇತ ರೆಂಡರ್ ಮಾಡಬೇಕು. ಒಂದು ಫ್ರೇಮಿಗೆ ನಾಲ್ಕೇ ನಿಮಿಷ ಎಂದು ಹಿಡಿದರೂ 144 ಗಂಟೆ, ಅಂದರೆ ಒಂದು ಕಂಪ್ಯೂಟರ್ ಹಗಲು ರಾತ್ರಿ ಆರು ದಿನ ಓಡಬೇಕು. ಕಾಲೇಜಿನ ಲ್ಯಾಬ್‌ಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಸ್ವಂತಕ್ಕೆ ಒಳ್ಳೆಯ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಯ ಕಷ್ಟ ಏನೆಂದು ಬೇರೆ ಹೇಳಬೇಕಾಗಿಲ್ಲ.

ಅದಕ್ಕೇ ಹಾಸ್ಯದ ಕಿರುಚಿತ್ರ ವಿದ್ಯಾರ್ಥಿಗೆ ಹೊಂದುವ ಪ್ರಕಾರ. ಅದು ಚಿಕ್ಕದಾಗಿದ್ದಷ್ಟೂ ಚೆನ್ನ. ಪ್ಯಾರಿಸ್‌ನ ಗೊಬ್ಲಾ ಸಂಸ್ಥೆಯ ಆರು ವಿದ್ಯಾರ್ಥಿಗಳು ಸೇರಿ 2007ರಲ್ಲಿ ‘ಆಕ್ಟಪೋಡಿ’ ಮಾಡಿದರು. ಒಂದನ್ನೊಂದು ಪ್ರೀತಿಸುವ ಎರಡು ಆಕ್ಟೋಪಸ್‌ಗಳು, ಒಂದನ್ನು ಅಡುಗೆಗೆಂದು ಹೊತ್ತೊಯ್ಯುವ ವಾಹನ, ಗ್ರೀಸಿನ ದ್ವೀಪದ ಇಳಿಜಾರು ಬೀದಿಗಳಲ್ಲಿ ಬೆನ್ನಟ್ಟುವ ಓಟ. ಸುಮಾರು ಎರಡೂವರೆ ನಿಮಿಷದ ಈ ನಗೆಚಿತ್ರ 2009ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಅದರಲ್ಲೂ ಹಿತವಚನವಿಲ್ಲ.

ತಂತ್ರಾಂಶಕ್ಕೆ ದುಡ್ಡಿಲ್ಲ ಎಂಬ ನೆಪಕ್ಕೂ ಈಗ ಜಾಗವಿಲ್ಲ. ಬ್ಲೆಂಡರ್ ಪೂರ್ತಿ ಉಚಿತ. 2008ರಲ್ಲಿ ಅದರಲ್ಲೇ ತಯಾರಾದ ‘ಬಿಗ್ ಬಕ್ ಬನ್ನಿ’ ಎಂಬ ದಡೂತಿ ಮೊಲದ ಹಾಸ್ಯಚಿತ್ರವನ್ನು ಯಾರು ಬೇಕಾದರೂ ಇಳಿಸಿಕೊಂಡು, ಬಿಡಿಸಿ ನೋಡಿ ಕಲಿಯಬಹುದು. ಒಂದೂ ಮಾತಿಲ್ಲದ ಲಾಟ್ವಿಯಾದ ‘ಫ್ಲೋ’ ಚಿತ್ರ ಇದೇ ಬ್ಲೆಂಡರ್‌ನಲ್ಲಿ ರೂಪುಗೊಂಡು 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು.

ಎಲ್ಲರಿಗೂ ಒಂದೇ ಅಂಕ, ಇದು ನ್ಯಾಯವೇ?

ಗುಂಪು ಪ್ರಾಜೆಕ್ಟ್ ಎಂದರೆ ಇಬ್ಬರು ದುಡಿಯುವುದು, ಐವರು ಅಂಕ ಪಡೆಯುವುದು ಎಂಬ ಮಾತು ಎಲ್ಲ ಕಾಲೇಜಿನಲ್ಲೂ ಇದೆ. ಅದರಲ್ಲಿ ನಿಜ ಇಲ್ಲದಿಲ್ಲ. ಆದರೆ ಯಾರು ದುಡಿದರು ಎಂಬುದನ್ನು ಅಳೆಯುವ ಬಗೆಯೇ ನಮ್ಮಲ್ಲಿ ಸರಿಯಿಲ್ಲ.

ನಮ್ಮ ತಂಡದಲ್ಲಿ ಒಬ್ಬಳು ರಿಗ್ಗಿಂಗ್ ಮಾಡಿದಳು. ಎಮ್ಮೆಯ ಮಾದರಿಯ ಒಳಗೆ ಮೂಳೆಗಳ ಚೌಕಟ್ಟು ಕೂರಿಸಿ, ಕಿವಿ, ಬಾಲ, ಮೆಲುಕು ಹಾಕುವ ದವಡೆ ಎಲ್ಲವೂ ಅನಿಮೇಷನ್ ಮಾಡುವವರ ಹಿಡಿತಕ್ಕೆ ಸಿಗುವಂತೆ ಮಾಡುವ ಕೆಲಸ ಅದು. ಐದು ವಾರ ಹಿಡಿಯಿತು. ಪರದೆಯ ಮೇಲೆ ಅದು ಕಾಣಿಸುವುದೇ ಇಲ್ಲ. ಕಾಣಿಸದಿದ್ದರೇ ಅದು ಚೆನ್ನಾಗಿದೆ ಎಂದರ್ಥ. ಮೌಲ್ಯಮಾಪನದ ದಿನ ‘ನೀನು ಏನಮ್ಮಾ ಮಾಡಿದ್ದು?’ ಎಂದು ಕೇಳಿದಾಗ ಎರಡು ನಿಮಿಷದಲ್ಲಿ ತೋರಿಸಲು ಅವಳ ಬಳಿ ಇದ್ದದ್ದು ಅಲುಗಾಡದ ಎಮ್ಮೆ ಮತ್ತು ಒಂದಷ್ಟು ಬಣ್ಣದ ಗೆರೆಗಳು.

ಇನ್ನೊಬ್ಬ ಸಂಜೆ ಆರರ ಮೇಲೆ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಹೋಗುತ್ತಿದ್ದ. ಅವನ ಬಳಿ ಲ್ಯಾಪ್‌ಟಾಪ್ ಇಲ್ಲ. ರಾತ್ರಿ ಕೂತು ಕೆಲಸ ಮಾಡುವಾಗ ಅವನಿಲ್ಲ ಎಂದು ನಮ್ಮೊಳಗೇ ಗೊಣಗಾಟ ಇತ್ತು. ಅವನು ಆರ್ಡರಿಗಾಗಿ ಕಾಯುವ ಹೊತ್ತಿನಲ್ಲಿ ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ಸದ್ದು ಹಿಡಿದು ತಂದ. ಹಳೆಯ ಬಸ್ಸಿನ ಹಾರ್ನ್, ಗೇರ್ ಬದಲಿಸುವ ಕಿರಕಿರ, ಬಾಗಿಲು ಬಡಿಯುವ ಸದ್ದು, ಕಂಡಕ್ಟರ್ ಶಿಳ್ಳೆ. ಪ್ರದರ್ಶನದಲ್ಲಿ ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಎಮ್ಮೆ ಹತ್ತಿದ ಮೇಲೆ ಕೇಳಿಸುವ, ಏನೂ ಆಗದವರಂತೆ ಊದಿದ ಆ ‘ರೈಟ್’ ಶಿಳ್ಳೆಗೆ. ಗಂಟೆ ಎಣಿಸಿದರೆ ಅವನ ಪಾಲು ಕಡಿಮೆ. ಚಿತ್ರದಿಂದ ಅವನ ಕೆಲಸ ತೆಗೆದುಹಾಕಿದರೆ ಉಳಿಯುವ ನಗು ಇನ್ನೂ ಕಡಿಮೆ.

ಹಾಗಾಗಿ ಎಲ್ಲರಿಗೂ ಒಂದೇ ಅಂಕ ಕೊಡುವುದೂ ನ್ಯಾಯವಲ್ಲ, ಲ್ಯಾಬ್ ಹಾಜರಿ ನೋಡಿ ಅಂಕ ಕೊಡುವುದೂ ನ್ಯಾಯವಲ್ಲ. ಯಾರು ಯಾವ ಶಾಟ್ ಮಾಡಿದರು, ಯಾರ ರಿಗ್, ಯಾರ ಧ್ವನಿ, ಯಾರ ಬೆಳಕು ಎಂದು ಹೆಸರು ಸಮೇತ ಒಂದು ಹಾಳೆಯಲ್ಲಿ ಬರೆಸಿ, ತಂಡದ ಎಲ್ಲರ ಸಹಿ ಹಾಕಿಸಿ. ಅಂಕದಲ್ಲಿ ಒಂದು ಪಾಲು ಚಿತ್ರಕ್ಕೆ, ಒಂದು ಪಾಲು ಈ ಹಾಳೆಗೆ. ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗಲೂ ‘ಇದರಲ್ಲಿ ನಿಮ್ಮದು ಯಾವುದು?’ ಎಂದೇ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವ ಅಭ್ಯಾಸ ಕಾಲೇಜಿನಲ್ಲೇ ಆಗಲಿ.

ನಮ್ಮ ನಗೆ ನಮ್ಮ ಅಂಗಳದಲ್ಲೇ ಇದೆ

ಹಾಸ್ಯ ಅಂದಕೂಡಲೇ ಬಾಳೆಹಣ್ಣಿನ ಸಿಪ್ಪೆ, ತಲೆ ಮೇಲೆ ಬೀಳುವ ಕಬ್ಬಿಣದ ಗುಂಡು ನೆನಪಿಗೆ ಬರುತ್ತದೆ. ಕಲಿಯುವುದು ಆ ಉದಾಹರಣೆಗಳಿಂದಲೇ ಆದ್ದರಿಂದ ಅದು ಸಹಜ. ಆದರೆ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನಿದ್ದಾನೆ, ಯಕ್ಷಗಾನದಲ್ಲಿ ಹಾಸ್ಯಗಾರರಿದ್ದಾರೆ. ಬೆಳಕಿನ ಮುಂದೆ ಚಪ್ಪಟೆ ತೊಗಲನ್ನು ಕುಣಿಸಿ ನಗಿಸುವವರು ಅನಿಮೇಷನ್‌ನ ಹತ್ತಿರದ ನೆಂಟರಲ್ಲದೆ ಇನ್ನೇನು? 1942ರಲ್ಲಿ ರಾಶಿ ಅವರು ಆರಂಭಿಸಿದ ‘ಕೊರವಂಜಿ’ ಕನ್ನಡದ ಹಾಸ್ಯ ಪತ್ರಿಕೆ. ಆರ್. ಕೆ. ಲಕ್ಷ್ಮಣ್ ಮುಂದೆ ದೇಶಕ್ಕೆಲ್ಲ ಪರಿಚಿತರಾಗುವ ಮೊದಲು ಅದಕ್ಕೆ ವ್ಯಂಗ್ಯಚಿತ್ರ ಬರೆದವರು. ವಿದ್ಯಾರ್ಥಿಯ ಕೈಯ ನಗೆಗೆ ಜಾಗ ಕೊಡುವ ಪದ್ಧತಿ ಈ ನಾಡಿಗೆ ಹೊಸದಲ್ಲ.

ನಮ್ಮ ಕಂಡಕ್ಟರ್ ಟಿಕೆಟ್ ಚೀಲ ಸರಿಸಿಕೊಳ್ಳುವ ರೀತಿ, ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳುವ ರೀತಿ ಯಾವ ಆನ್‌ಲೈನ್ ಪಾಠದಲ್ಲೂ ಇಲ್ಲ. ಅದನ್ನು ನೋಡಲು ನಾವು ಎರಡು ದಿನ ಬಸ್ಸಿನಲ್ಲಿ ಸುಮ್ಮನೆ ಓಡಾಡಿದೆವು. ಪ್ರಾಜೆಕ್ಟಿನ ಅತಿ ಅಗ್ಗದ ಮತ್ತು ಅತಿ ಉಪಯೋಗಕ್ಕೆ ಬಂದ ಖರ್ಚು ಅದೇ.

ಕೆಲಸ ಸಿಗುತ್ತದಾ?

ಈ ಪುಟ ಓದುವ ಹೆಚ್ಚಿನವರ ಪ್ರಶ್ನೆ ಇದೇ ಇರುತ್ತದೆ. ಮನೆಯಲ್ಲಿ ಅಪ್ಪ, ಅಮ್ಮ ಕೇಳುವುದೂ ಇದನ್ನೇ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಹಾಗೆಂದು ದಾರಿ ಹೂವಿನದಲ್ಲ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಸ್ಟುಡಿಯೊ ಕೂಡ ಬಾಗಿಲು ಮುಚ್ಚಿ, ಸಾವಿರಾರು ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಎರಡು ಸಾಲು ಬರೆದರೆ ಚಿತ್ರ ತಯಾರಿಸಿ ಕೊಡುವ ಎಐ ಉಪಕರಣಗಳೂ ಬಂದಿವೆ. ಒಂದು ನಗೆಚಿತ್ರ ಮಾಡಿದವರಿಗೆಲ್ಲ ಕೆಲಸ ಗ್ಯಾರಂಟಿ ಎಂದು ಹೇಳಿದರೆ ಅದು ಸುಳ್ಳು.

ಆದರೆ ಒಂದು ಬಟನ್ ಮಾತ್ರ ಗೊತ್ತಿರುವವರ ಜಾಗವನ್ನು ಯಂತ್ರ ಮೊದಲು ತುಂಬುತ್ತದೆ. ಎಮ್ಮೆಯ ಕಿವಿ ಎಷ್ಟು ಹೊತ್ತಿಗೆ ಅಲ್ಲಾಡಬೇಕು, ನಗು ಬಾರದಿದ್ದರೆ ಏನನ್ನು ಕತ್ತರಿಸಬೇಕು, ಗೆಳೆಯ ಇಷ್ಟಪಟ್ಟು ಮಾಡಿದ ಶಾಟ್ ಚಿತ್ರಕ್ಕೆ ಬೇಡ ಎಂದು ಅವನ ಮನಸ್ಸು ಮುರಿಯದಂತೆ ಹೇಗೆ ಹೇಳಬೇಕು ಎಂಬ ತೀರ್ಮಾನಗಳು ಮನುಷ್ಯರದ್ದು. ಸ್ಟುಡಿಯೊದಲ್ಲಿ ಇರಲಿ, ಜಾಹೀರಾತು ಸಂಸ್ಥೆಯಲ್ಲಿ ಇರಲಿ, ಸ್ವಂತ ಯೂಟ್ಯೂಬ್ ಚಾನೆಲ್‌ನಲ್ಲಿ ಇರಲಿ, ಬೇಕಾಗುವುದು ಅದೇ. ಮುಗಿದ 90 ಸೆಕೆಂಡು, ಅರ್ಧಕ್ಕೆ ನಿಂತ ಹತ್ತು ನಿಮಿಷಕ್ಕಿಂತ ಮೇಲು.

ಆದ್ದರಿಂದ ಕಾಲೇಜುಗಳಿಗೆ ನನ್ನ ಕೋರಿಕೆ ನಾಲ್ಕೇ. ಹಾಸ್ಯದ ಪ್ರಾಜೆಕ್ಟನ್ನು ಸಂದೇಶವಿಲ್ಲ ಎಂಬ ಕಾರಣಕ್ಕೆ ಕೀಳಾಗಿ ನೋಡಬೇಡಿ. ಸೆಮಿಸ್ಟರಿನ ಮಧ್ಯದಲ್ಲೇ ಅನಿಮ್ಯಾಟಿಕ್ ತರಿಸಿ, ಅದಕ್ಕೂ ಅಂಕ ಕೊಡಿ. ಯಾರ ಕೆಲಸ ಯಾವುದು ಎಂಬ ಹಾಳೆಯನ್ನು ಕಡ್ಡಾಯ ಮಾಡಿ. ರೆಂಡರ್‌ನ ಎರಡು ವಾರ ಲ್ಯಾಬ್‌ನ ಕಂಪ್ಯೂಟರ್‌ಗಳನ್ನು ರಾತ್ರಿ ಓಡಲು ಬಿಡಿ. ಇವುಗಳಲ್ಲಿ ಮೂರಕ್ಕೆ ಒಂದು ಪೈಸೆಯೂ ಬೇಡ, ನಾಲ್ಕನೆಯದಕ್ಕೆ ಬೇಕಿರುವುದು ಸ್ವಲ್ಪ ಕರೆಂಟು ಮತ್ತು ಬೀಗದ ಕೈ ಹಿಡಿದವರ ಒಪ್ಪಿಗೆ.

ವಿಷಯ ಹುಡುಕುತ್ತಿರುವ ಕಿರಿಯರಿಗೆ ಹೇಳುವುದಿಷ್ಟು: ನಿಮ್ಮ ಊರಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂರಿ, ಹೆಡ್‌ಫೋನ್ ತೆಗೆದಿಡಿ. ಇಳಿಯುವಷ್ಟರಲ್ಲಿ ಒಂದು ಕಥೆ ಸಿಕ್ಕಿರುತ್ತದೆ.